ಹಾಲು ಕುಡಿದರೆ ಹೊಟ್ಟೆ ಗುಡುಗುತ್ತೆ, ಮಜ್ಜಿಗೆ ಕುಡಿದರೆ ಏನೂ ಆಗಲ್ಲ. ಇದು ಜೀನ್ ವಿಷಯವಾ, ಮನೆ ರೂಢಿ ವಿಷಯವಾ?

ಹೆಪ್ಪಿನಬಟ್ಟಲು

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆ. ಅಪ್ಪನಿಗೆ ಈಗ 63 ವರ್ಷ. ದಿನಾ ಬೆಳಗ್ಗೆ ಒಂದು ದೊಡ್ಡ ಲೋಟ ಹಾಲು ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಅಂತ ಯಾರೋ ಹೇಳಿದರು. ಶುರು ಮಾಡಿದರು. ಅವತ್ತಿನಿಂದ ಹೊಟ್ಟೆ ಉಬ್ಬರ, ಗುಡುಗುಡು, ಹತ್ತು ಗಂಟೆಯೊಳಗೆ ಮೂರು ಸಲ ಹೊರಕಡೆಗೆ. ಮೊದಲು ತೋರಿಸಿದ ಕಡೆ ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಎಂಟು ತಿಂಗಳು ಅದನ್ನೇ ನುಂಗಿದರು. ಹೋದ ತಿಂಗಳು ಬೇರೆ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಹಾಲು ಎಷ್ಟು ಕುಡಿಯುತ್ತೀರಿ ಯಜಮಾನರೇ?" ಹಾಲು ಬಿಡಿಸಿದರು. ನಾಲ್ಕೇ ದಿನಕ್ಕೆ ಹೊಟ್ಟೆ ಸರಿಹೋಯಿತು.

ಈಗ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ಊಟಕ್ಕೆ ಕೂತರೆ ಅಪ್ಪ ಎರಡು ಚೊಂಬು ಮಜ್ಜಿಗೆ ಕುಡಿಯುತ್ತಾರೆ. ಗಟ್ಟಿ ಮೊಸರನ್ನ ಆಗುತ್ತದೆ, ತುಪ್ಪ ಆಗುತ್ತದೆ. ಹಾಲು ಮಾತ್ರ ಆಗುವುದಿಲ್ಲ. ಚಿಕ್ಕಪ್ಪ ಇದನ್ನು ಕೇಳಿ "ನಮ್ಮ ಜೀನಲ್ಲೇ ದೋಷ ಇರಬೇಕು" ಅಂದುಬಿಟ್ಟರು. ಅಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ನಾಲ್ಕು ತಲೆಮಾರಿನಿಂದ ಕೊಟ್ಟಿಗೆಯಲ್ಲಿ ಹಸು ಇರುವ ಮನೆ ನಮ್ಮದು. ಹಸು ಸಾಕಿದವರಿಗೇ ಹಾಲು ಅರಗಲ್ಲ ಅಂದರೆ ಹೇಗೆ ಅನ್ನುತ್ತಾರೆ. ಅಜ್ಜಿ ಇದ್ದಾಗ "ಹಾಲು ಮಾರೋಕೆ, ಮಜ್ಜಿಗೆ ಕುಡಿಯೋಕೆ" ಅನ್ನುತ್ತಿದ್ದರು. ಬಡತನಕ್ಕೆ ಹಾಗೆ ಅನ್ನುತ್ತಿದ್ದರು ಅಂತಲೇ ನಾನು ತಿಳಿದುಕೊಂಡಿದ್ದೆ. ಅದರಲ್ಲಿ ಬೇರೆ ಏನಾದರೂ ಇತ್ತಾ? ತಿಳಿದವರು ಬಿಡಿಸಿ ಹೇಳಿ. ಅಪ್ಪನಿಗೆ ಓದಿ ಹೇಳಬೇಕು.

ಲ್ಯಾಬ್‌ಕೋಟು

ಮೇಡಂ, ಮೊದಲು ಅಪ್ಪನಿಗೆ ಹೇಳಿ, ಇದು ದೋಷ ಅಲ್ಲ. ಮನುಷ್ಯನ ಮೈ ಮೊದಲಿನಿಂದ ಇದ್ದದ್ದೇ ಹಾಗೆ.

ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಅನ್ನುತ್ತಾರೆ. ಅದನ್ನು ಒಡೆಯುವುದಕ್ಕೆ ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಕರು ಇರಲಿ, ಬೆಕ್ಕಿನ ಮರಿ ಇರಲಿ, ನಮ್ಮ ಮಗು ಇರಲಿ, ತಾಯಿಯ ಹಾಲು ಬಿಟ್ಟ ಮೇಲೆ ಆ ಕಿಣ್ವ ಕಡಿಮೆ ಆಗುತ್ತಾ ಹೋಗುತ್ತದೆ. ದೊಡ್ಡ ಹಸು ಹಾಲು ಕುಡಿಯುವುದಿಲ್ಲ, ಹಾಗಾಗಿ ಅದಕ್ಕೆ ಆ ಕಿಣ್ವ ಬೇಕಿಲ್ಲ. ಜಗತ್ತಿನ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ನಿಮ್ಮ ಅಪ್ಪನ ಹಾಗೇ ಇದ್ದಾರೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ. ಉಬ್ಬರ, ಗುಡುಗುಡು ಎಲ್ಲ ಅಲ್ಲಿಂದಲೇ.

ಉಳಿದ ಒಂದು ಪಾಲು ಜನರಲ್ಲಿ ಆ ಕಿಣ್ವ ಬದುಕಿರುವ ತನಕ ಬರುತ್ತಲೇ ಇರುತ್ತದೆ. ಯಾಕೆ ಅಂತ ಗೊತ್ತಾದದ್ದು 2002ರಲ್ಲಿ. ಫಿನ್ಲೆಂಡಿನ ಲೀನಾ ಪೆಲ್ಟೋನೆನ್ ಮತ್ತು ಜೊತೆಗಾರರು ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಕಂಡುಹಿಡಿದರು. ಲ್ಯಾಕ್ಟೇಸ್ ಜೀನಿನಿಂದ 13,910 ಅಕ್ಷರ ಹಿಂದೆ, ಪಕ್ಕದ ಇನ್ನೊಂದು ಜೀನಿನೊಳಗೆ, 'ಸಿ' ಇರುವ ಜಾಗದಲ್ಲಿ 'ಟಿ' ಬಂದಿತ್ತು. ದೀಪದ ಸ್ವಿಚ್ಚು ಆರದ ಹಾಗೆ ಯಾರೋ ಟೇಪು ಅಂಟಿಸಿದಂತೆ ಅಂತ ಇಟ್ಟುಕೊಳ್ಳಿ.

ಇನ್ನೂ ಚೆಂದದ ಸಂಗತಿ 2007ರಲ್ಲಿ ಹೊರಬಂತು. ಸಾರಾ ಟಿಶ್ಕಾಫ್ ಅವರ ತಂಡ ತಾಂಜಾನಿಯಾ, ಕೀನ್ಯಾ, ಸುಡಾನ್ ಕಡೆಯ ಜನರ ರಕ್ತ ನೋಡಿತು. ಅಲ್ಲಿನ ದನಗಾಹಿಗಳಿಗೂ ಹಾಲು ಅರಗುತ್ತದೆ, ಆದರೆ ಬದಲಾಗಿರುವ ಅಕ್ಷರಗಳು ಬೇರೆ. ಅಂದರೆ ಯುರೋಪಿನಲ್ಲಿ ಒಂದು ಸಲ, ಆಫ್ರಿಕಾದಲ್ಲಿ ಬೇರೆಯಾಗಿ, ದನ ಸಾಕಿ ಹಾಲು ಕರೆದ ಕಡೆಯೇ ಈ ಬದಲಾವಣೆ ನೆಲೆ ನಿಂತಿದೆ. ಮೊದಲು ಬಂದದ್ದು ರೂಢಿ. ಹಾಲು ಕರೆಯುವ ರೂಢಿ ಇಲ್ಲದ ಊರಿನಲ್ಲಿ ಆ ಜೀನ್ ಯಾರಿಗಾದರೂ ಬಂದಿದ್ದರೂ ಅದರಿಂದ ಪ್ರಯೋಜನ ಇರುತ್ತಿರಲಿಲ್ಲ, ಅಲ್ವಾ.

ಭಾರತದಲ್ಲಿ ಇರುವುದು ಬಹುಪಾಲು ಯುರೋಪಿನ 'ಟಿ'ಯೇ. ನೂರಕ್ಕೂ ಹೆಚ್ಚು ಸಮುದಾಯಗಳ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನ ಇದೆ. ಪಂಜಾಬ್, ಹರಿಯಾಣದ ಕಡೆ ಅದು ಜಾಸ್ತಿ. ದಕ್ಷಿಣಕ್ಕೆ, ಪೂರ್ವಕ್ಕೆ ಬಂದ ಹಾಗೆ ಕಡಿಮೆ. ನಮ್ಮ ಕಡೆ ಇಲ್ಲದವರೇ ಜಾಸ್ತಿ.

ಪ್ರಶ್ನೆಗಾರ ಹಾಸನ

ಒಂದು ನಿಮಿಷ ಸರ್. ಹಾಗಾದರೆ ಶಾಲೆಯಲ್ಲಿ ಕ್ಷೀರಭಾಗ್ಯ ಅಂತ ಮಕ್ಕಳಿಗೆ ಹಾಲು ಕೊಡುತ್ತಾರಲ್ಲ, 2013ರಿಂದ. ಅದು ತಪ್ಪಾ? ನನ್ನ ಹೆಂಡತಿ ಶಾಲೆಯಲ್ಲಿ ಟೀಚರ್. ದಿನಾ ಲೋಟ ಹಂಚುವುದು ಅವಳೇ. ನಿಮ್ಮ ಮಾತು ಓದಿ ಗಾಬರಿಯಾದಳು.

ಲ್ಯಾಬ್‌ಕೋಟು

ಗಾಬರಿ ಬೇಡ ಅಂತ ಹೇಳಿ ಸರ್. ಅಲ್ಲಿ ಒಂದು ಮಗುವಿಗೆ ಕೊಡುವುದು 150 ಮಿಲಿ. ಅದರಲ್ಲಿ ಲ್ಯಾಕ್ಟೋಸ್ ಏಳು ಗ್ರಾಂ ಆಸುಪಾಸು. ಕಿಣ್ವ ಕಡಿಮೆ ಇರುವ ದೊಡ್ಡವರೂ ಸಾಮಾನ್ಯವಾಗಿ 12 ಗ್ರಾಂ ತನಕ ಒಟ್ಟಿಗೇ ತಡೆದುಕೊಳ್ಳುತ್ತಾರೆ, ಅಂದರೆ ಸುಮಾರು ಕಾಲು ಲೀಟರ್ ಹಾಲು. ಚಿಕ್ಕ ಮಕ್ಕಳಲ್ಲಿ ಕಿಣ್ವವೂ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಆ ಲೋಟದಲ್ಲಿರುವ ಪ್ರೋಟೀನು, ಕ್ಯಾಲ್ಸಿಯಂ ನಮ್ಮ ಮಕ್ಕಳಿಗೆ ಬೇಕೇ ಬೇಕು. ಯಾವುದೋ ಒಂದು ಮಗು ದಿನಾ ಹೊಟ್ಟೆನೋವು ಅಂದರೆ ಮಾತ್ರ ಅದನ್ನು ಹಠ ಅಂದುಕೊಳ್ಳಬಾರದು. ಅಷ್ಟು ನೋಡಿಕೊಂಡರೆ ಸಾಕು.

ಹೆಲ್ಸಿಂಕಿ ಕನ್ನಡಿಗ

ಫಿನ್ಲೆಂಡ್ ಹೆಸರು ನೋಡಿ ಬರೆಯುತ್ತಿದ್ದೇನೆ. ನಾನಿಲ್ಲಿ ಆರು ವರ್ಷದಿಂದ ಇದ್ದೇನೆ. ಊರು ಶಿರಸಿ. ಮೊದಲ ದಿನ ಆಫೀಸಿನ ಕ್ಯಾಂಟೀನಿನಲ್ಲಿ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಐವತ್ತು ದಾಟಿದ ಗಂಡಸರು, ತಟ್ಟೆಯಲ್ಲಿ ಆಲೂಗಡ್ಡೆ ಮೀನು ಇಟ್ಟುಕೊಂಡು, ಪಕ್ಕದಲ್ಲಿ ದೊಡ್ಡ ಲೋಟ ತಣ್ಣನೆ ಹಾಲು. ನಮ್ಮಲ್ಲಿ ನೀರು ಇಡುವ ಜಾಗದಲ್ಲಿ ಇಲ್ಲಿ ಹಾಲು ಇಡುತ್ತಾರೆ.

ಆದರೆ ಇಲ್ಲಿಯೂ ಎಲ್ಲರಿಗೂ ಅದು ಆಗುವುದಿಲ್ಲ. ಸುಮಾರು ಆರರಲ್ಲಿ ಒಬ್ಬರಿಗೆ ಹಾಲು ಅರಗುವುದಿಲ್ಲ. ಹಾಲು ಇಷ್ಟು ಕುಡಿಯುವ ದೇಶದಲ್ಲಿ ಆರರಲ್ಲಿ ಒಬ್ಬರು ಹೊಟ್ಟೆ ಹಿಡಿದುಕೊಂಡು ಕೂತರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಜೀನನ್ನು ಹುಡುಕಿದವರು ಇಲ್ಲಿನವರೇ ಆಗಿದ್ದಕ್ಕೆ ಅದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. 2001ರಲ್ಲೇ ಇಲ್ಲಿನ ಅಂಗಡಿಗಳಿಗೆ ಲ್ಯಾಕ್ಟೋಸ್ ತೆಗೆದ ಹಾಲು ಬಂತು. ನಾನು ತರುವುದೂ ಅದೇ. ಮಾಮೂಲಿ ಹಾಲು ಕುಡಿದರೆ ನನಗೂ ತಿಪಟೂರು ಯಜಮಾನರ ಕಥೆಯೇ. ಮನೆಯಲ್ಲಿ ತಂಬುಳಿ ಕುಡಿದು ಬೆಳೆದ ಹೊಟ್ಟೆ ನನ್ನದು.

ಬಳ್ಳಾರಿ ಬಿಸಿಲು

ಅಕ್ಕಾ, ನಿಮ್ಮ ಅಪ್ಪ ಕೇಳಿದ ಪ್ರಶ್ನೆ ದೊಡ್ಡದು. ಹಸು ಸಾಕಿದವರಿಗೇ ಹಾಲು ಯಾಕೆ ಅರಗಲ್ಲ? ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ನಾಲ್ಕು ತಲೆಮಾರು ಅಂದಿರಲ್ಲ, ಅದಕ್ಕಿಂತ ಬಹಳ ಹಿಂದೆ ಹೋಗಬೇಕು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಹತ್ತಿರ ಒಂದು ಬೂದಿಗುಡ್ಡ ಇದೆ. ಹಂಪಿ ಹತ್ತಿರ ನಿಂಬಾಪುರದಲ್ಲೂ ಇದೆ. ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಊರವರು ಹೇಳುತ್ತಾರೆ. ನಾನು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಕೈಯಲ್ಲಿ ಹಿಡಿದರೆ ಹಗುರ, ಬೂದುಬಣ್ಣ, ಕೆಲವು ಕಡೆ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಅದು ದನದ ಸಗಣಿ ಸುಟ್ಟ ಬೂದಿ. ತೆಲಂಗಾಣದ ಉಟ್ನೂರಿನಲ್ಲಿ ಆಲ್ಚಿನ್ ಅನ್ನುವವರು ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ದೊಡ್ಡಿ ಕಟ್ಟಿ ದನ ಕೂಡುತ್ತಿದ್ದರು. ಸಗಣಿ ರಾಶಿ ಬಿದ್ದ ಮೇಲೆ ಸುಡುತ್ತಿದ್ದರು. ಮತ್ತೆ ಅದರ ಮೇಲೇ ದನ ಕೂಡುತ್ತಿದ್ದರು. ಆಮೇಲೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಅಗೆದು ಇಡೀ ಊರಿನ ಚಿತ್ರವನ್ನೇ ಹೊರಗೆ ತಂದರು.

ಈ ಗುಡ್ಡಗಳು ಸುಮಾರು 5000ದಿಂದ 3200 ವರ್ಷ ಹಳೆಯವು. ಅಂದರೆ ಇದೇ ನೆಲದಲ್ಲಿ, ಇದೇ ಬಿಸಿಲಲ್ಲಿ, ಅಷ್ಟು ಕಾಲದಿಂದ ಜನ ದನ ಕಟ್ಟಿ ಬದುಕಿದ್ದಾರೆ. ಆದರೂ ಇವತ್ತು ಇಲ್ಲಿ ಆ 'ಟಿ' ಕಡಿಮೆ. ಯಾಕೆ ಲ್ಯಾಬ್‌ಕೋಟು ಸರ್? ಐದು ಸಾವಿರ ವರ್ಷ ಸಾಲಲಿಲ್ಲವಾ?

ಹೆಪ್ಪಿನಬಟ್ಟಲು

ಸರ್ ಉತ್ತರ ಬರೆಯುವ ಮೊದಲು ನನಗೆ ಹೊಳೆದದ್ದು ಹೇಳಿಬಿಡುತ್ತೇನೆ. ತಪ್ಪಿದ್ದರೆ ತಿದ್ದಿ.

ನಮ್ಮ ಅಜ್ಜಿ ಸಂಜೆ ಹಾಲು ಕರೆದು ತಂದರೆ ಮೊದಲು ಸೌದೆ ಒಲೆಯ ಹಿಂದಿನ ಕೋಡಿಯ ಮೇಲೆ ಇಡುತ್ತಿದ್ದರು. ಸಣ್ಣ ಉರಿಯಲ್ಲಿ ಕೆನೆ ಕೆಂಪಗಾಗುವ ತನಕ. ಆಮೇಲೆ ಆರಲು ಬಿಡುತ್ತಿದ್ದರು. ಕಿರುಬೆರಳು ಅದ್ದಿ ನೋಡುತ್ತಿದ್ದರು. "ಬೆರಳಿಗೆ ಸುಡಬಾರದು, ತಣ್ಣಗೂ ಅನ್ನಿಸಬಾರದು." ಆಗ ಹಿಂದಿನ ದಿನದ ಮಜ್ಜಿಗೆ ಒಂದು ಚಮಚ. ಚಳಿಗಾಲದಲ್ಲಿ ಮಡಕೆಗೆ ಹಳೆ ಪಂಚೆ ಸುತ್ತಿ ಒಲೆಯ ಮಗ್ಗುಲಲ್ಲಿ ಇಡುತ್ತಿದ್ದರು. ಬೇಸಿಗೆಯಲ್ಲಿ ನೆಲುವಿನ ಮೇಲೆ. ಬೆಳಗ್ಗೆ ಕಡಗೋಲಿನ ಸದ್ದಿಗೇ ನಮಗೆ ಎಚ್ಚರ ಆಗುತ್ತಿದ್ದದ್ದು. ಬೆಣ್ಣೆ ತೆಗೆದು ಉಳಿದ ಮಜ್ಜಿಗೆಗೆ ಅದರ ಎರಡರಷ್ಟು ನೀರು. ಹೊಲಕ್ಕೆ ಹೋಗುವವರಿಗೆ ಮುದ್ದೆಯ ಜೊತೆ ಅದೇ ಹೋಗುತ್ತಿತ್ತು.

ಅಂದರೆ ಮನೆಯಲ್ಲಿ ಹಾಲು ಹಾಲಾಗಿಯೇ ಉಳಿಯುತ್ತಿದ್ದದ್ದು ಸಂಜೆಯಿಂದ ರಾತ್ರಿ ತನಕ ಮಾತ್ರ. ದೊಡ್ಡವರ ಬಾಯಿಗೆ ಹಾಲು ಬಿದ್ದದ್ದೇ ಅಪರೂಪ. ಬಾಣಂತಿಗೆ, ಮಗುವಿಗೆ, ಕಾಯಿಲೆ ಬಿದ್ದವರಿಗೆ ಅಷ್ಟೇ. ಹಾಲನ್ನು ಅರಗಿಸುವ ಕೆಲಸ ಹೊಟ್ಟೆಗೆ ಬರುವ ಮೊದಲೇ ಮಡಕೆಯಲ್ಲಿ ನಡೆದುಹೋಗುತ್ತಿತ್ತು. ನಮಗೆ ಆ ಜೀನ್ ಬೇಕಾಗಲೇ ಇಲ್ಲ. ಹೀಗೆ ಅಂದುಕೊಳ್ಳಬಹುದಾ ಸರ್?

ಕುರಿಹಟ್ಟಿ

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾವು ಹಾಲುಮತದವರು. ಹೆಸರಲ್ಲೇ ಹಾಲು ಇದೆ. ನಮ್ಮ ತಾತ ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂದೆ ಊರೂರು ತಿರುಗಿದವರು. ಕುರಿ ಕೊಡುವ ಹಾಲೇ ಸ್ವಲ್ಪ, ಮರಿಗೆ ಬಿಟ್ಟು ಉಳಿದದ್ದು ಇನ್ನೂ ಸ್ವಲ್ಪ. ಬಯಲಲ್ಲಿ ಅದನ್ನು ಹಾಗೇ ಇಟ್ಟರೆ ಮಧ್ಯಾಹ್ನಕ್ಕೆ ಕೆಡುತ್ತದೆ. ಹಾಗಾಗಿ ಕಾಯಿಸಿ ಹೆಪ್ಪು ಹಾಕುತ್ತಿದ್ದರು. ಕುರಿ ಮೊಸರು ಎಷ್ಟು ಗಟ್ಟಿ ಅಂದರೆ ಕಂಬಳಿ ಮೇಲೆ ಚೆಲ್ಲಿದರೂ ಹರಿಯುವುದಿಲ್ಲ ಅಂತ ತಾತ ಹೇಳುತ್ತಿದ್ದರು. ಮರಿ ಹಾಕಿದಾಗ ಗಿಣ್ಣು.

ನನ್ನ ಪ್ರಶ್ನೆ, ಹಾಲನ್ನೇ ನಂಬಿ ಬದುಕಿದ ಜನ ದಕ್ಷಿಣದಲ್ಲಿ ಇದ್ದಾರಲ್ಲ. ಅವರಲ್ಲಿ ಯಾರಿಗೂ ಆ ಜೀನ್ ಇಲ್ಲವಾ?

ಲ್ಯಾಬ್‌ಕೋಟು

ಮೂರು ಪ್ರಶ್ನೆಗೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಇದ್ದಾರೆ. ನೀಲಗಿರಿಯ ತೋಡರು. ಎಮ್ಮೆಯೇ ಅವರ ಬದುಕು, ಹಾಲು ಕಡೆಯುವ ಗುಡಿಸಲೇ ಅವರ ಗುಡಿ. ಹಾಲು, ಮಜ್ಜಿಗೆ, ಬೆಣ್ಣೆ ಅವರ ಮುಖ್ಯ ಆಹಾರ. ಸುತ್ತಮುತ್ತಲಿನ ಉಳಿದ ಜನರಿಗೆ ಹೋಲಿಸಿದರೆ ತೋಡರಲ್ಲಿ ಆ 'ಟಿ' ಎದ್ದು ಕಾಣುವಷ್ಟು ಜಾಸ್ತಿ. ಹಾಗಾಗಿ ದಕ್ಷಿಣದ ಹವೆಗೆ ಅದು ಒಗ್ಗುವುದಿಲ್ಲ ಅನ್ನುವ ಮಾತಿಗೆ ಅರ್ಥ ಇಲ್ಲ.

ಈಗ ಹೆಪ್ಪಿನ ವಿಷಯ. ಮೇಡಂ, ನೀವು ಹೇಳಿದ್ದು ಸರಿ ದಾರಿಯಲ್ಲೇ ಇದೆ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ತಿಂದು ಹುಳಿ ಮಾಡುತ್ತವೆ. ಉಳಿದದ್ದರ ಜೊತೆ ತಮ್ಮ ಕಿಣ್ವವನ್ನೂ ನಮ್ಮ ಕರುಳಿಗೆ ತರುತ್ತವೆ. ಮೇಲೆ ನೀರು ಬೆರೆಸಿದರೆ ಒಂದು ಲೋಟದಲ್ಲಿರುವ ಲ್ಯಾಕ್ಟೋಸ್ ಇನ್ನೂ ತಗ್ಗುತ್ತದೆ. ತುಪ್ಪದಲ್ಲಂತೂ ಅದು ಇಲ್ಲವೇ ಇಲ್ಲ ಅನ್ನಬಹುದು. ಅಪ್ಪನಿಗೆ ಯಾವುದು ಆಗುತ್ತದೆ, ಯಾವುದು ಆಗಲ್ಲ ಅಂತ ನೀವು ಕೊಟ್ಟ ಪಟ್ಟಿ ಇದಕ್ಕೆ ಸರಿಯಾಗಿ ಕೂರುತ್ತದೆ.

ಇದೇ ಮಾತನ್ನು ಗಟ್ಟಿಯಾಗಿ ಹೇಳುವ ದೇಶ ಮಂಗೋಲಿಯಾ. ಕುದುರೆ, ಕುರಿ, ಯಾಕ್, ಒಂಟೆ, ಎಲ್ಲದರ ಹಾಲೂ ಕರೆಯುತ್ತಾರೆ. ಸಾವಿರಾರು ವರ್ಷದಿಂದ ಅವರ ಊಟದ ದೊಡ್ಡ ಪಾಲು ಅದೇ. ಆದರೂ ಆ ಜೀನ್ ಅಲ್ಲಿ ಬಹಳ ವಿರಳ. ಕುದುರೆ ಹಾಲನ್ನು ತೊಗಲಿನ ಚೀಲದಲ್ಲಿ ಕಡೆದು ಹುಳಿ ಬರಿಸಿ ಐರಾಗ್ ಅಂತ ಮಾಡುತ್ತಾರೆ. ಅವರ ಕೈಯ ರೂಢಿಯೇ ಆ ಕೆಲಸ ಮಾಡಿದೆ.

ಆದರೆ ಬಳ್ಳಾರಿ ಮೇಷ್ಟ್ರ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಬೂದಿಗುಡ್ಡದ ಜನ ದನ ಕಟ್ಟಿದ ಕಾಲಕ್ಕೆ ಆ 'ಟಿ' ಈ ಕಡೆಗೆ ಬಂದೇ ಇರಲಿಲ್ಲ ಅನ್ನಿಸುತ್ತದೆ. ಅದು ಮಧ್ಯ ಏಷ್ಯಾದ ಹುಲ್ಲುಗಾವಲಿನ ಜನರ ಜೊತೆ ಆಮೇಲೆ ವಾಯುವ್ಯದಿಂದ ಬಂದದ್ದು. ಇಲ್ಲಿಗೆ ಮುಟ್ಟುವ ಹೊತ್ತಿಗೆ ಮೊಸರಿನ ರೂಢಿ ಗಟ್ಟಿಯಾಗಿ ನೆಲೆ ನಿಂತಿತ್ತು ಅಂತ ನಾನು ನಂಬುತ್ತೇನೆ. ಬಂದ ಜೀನಿಗೆ ಇಲ್ಲಿ ಕೆಲಸ ಇರಲಿಲ್ಲ.

ಯುರೋಪಿನಲ್ಲೂ ಇದು ನಾವು ಪಾಠದಲ್ಲಿ ಹೇಳುವಷ್ಟು ಸರಳ ಅಲ್ಲ. 2022ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಹಳೆಯ ಮಡಕೆ ಚೂರುಗಳಲ್ಲಿ ಅಂಟಿದ್ದ ಹಾಲಿನ ಕೊಬ್ಬನ್ನು ಹುಡುಕಿದರು, ಹಳೆಯ ಮೂಳೆಗಳಿಂದ ಜೀನ್ ತೆಗೆದರು, ಎರಡನ್ನೂ ಜೋಡಿಸಿದರು. ಜನ ಸಾವಿರಾರು ವರ್ಷ ಹಾಲು ಬಳಸಿದ್ದಾರೆ, ಜೀನ್ ಹರಡಿದ್ದು ತೀರಾ ತಡವಾಗಿ, ಕಂಚಿನ ಯುಗದ ಹೊತ್ತಿಗೆ. ಅವರು ಕೊಡುವ ಕಾರಣ ಕೇಳಿ. ಹೊಟ್ಟೆ ತುಂಬಿದ ಕಾಲದಲ್ಲಿ ಹಾಲು ಅರಗದಿದ್ದರೆ ಬರೀ ಉಬ್ಬರ. ಬರಗಾಲ ಬಂದು ತಿನ್ನಲು ಬೇರೇನೂ ಇಲ್ಲದಾಗ, ಹಸಿ ಹಾಲೇ ಗತಿ ಆದಾಗ, ಬಡಕಲು ಮೈಗೆ ಭೇದಿ ಹತ್ತಿದರೆ ಅದು ಪ್ರಾಣವನ್ನೇ ತೆಗೆಯುತ್ತದೆ. ರೋಗ ಹರಡಿದಾಗಲೂ ಹಾಗೇ. ಜೀನು ಗೆದ್ದದ್ದು ಅಂಥ ಕೆಟ್ಟ ವರ್ಷಗಳಲ್ಲಿ.

ಬಳ್ಳಾರಿ ಬಿಸಿಲು

ಇದನ್ನು ಓದಿ ಮೈ ಜುಮ್ಮೆಂದಿತು ಸರ್. 1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲಿ ಒಂದು ಪಾಲು ಜನ ಸತ್ತರು. ಆದರೆ ನಮ್ಮ ಬರದಲ್ಲಿ ಮೊದಲು ಒಣಗುವುದೇ ಹುಲ್ಲು. ದನ ಮೊದಲು ಸಾಯುತ್ತವೆ, ಆಮೇಲೆ ಜನ. ಹಾಲು ಕುಡಿದು ಬದುಕೋಣ ಅಂದರೆ ಹಾಲೇ ಇರುವುದಿಲ್ಲ. ನಮ್ಮ ಕಡೆ ಆ ಜೀನ್ ಮೇಲೆ ಬರದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದಾ ಅಂತ ಯೋಚಿಸುತ್ತಿದ್ದೇನೆ.

ಪ್ರಶ್ನೆಗಾರ ಹಾಸನ

ನನಗೆ ಒಂದು ಸಂಶಯ. ರೂಢಿ ಎಲ್ಲವನ್ನೂ ನೋಡಿಕೊಂಡರೆ ಮನುಷ್ಯನ ಮೈ ಬದಲಾಗುವುದು ನಿಂತುಹೋಯಿತು ಅಂತ ಆಗುತ್ತದೆ. ಚಳಿಗೆ ಕಂಬಳಿ, ಹಾಲಿಗೆ ಹೆಪ್ಪು, ರೋಗಕ್ಕೆ ಔಷಧಿ. ಇನ್ನು ಜೀನಿಗೆ ಏನು ಕೆಲಸ?

ಕಾಡಂಚಿನ ಸಿಸ್ಟರ್

ಹಾಸನದ ಅಣ್ಣ, ರೂಢಿಯೇ ಜೀನನ್ನು ಎಳೆದು ತಂದದ್ದೂ ಇದೆ. ನಾನು ಚಾಮರಾಜನಗರ ಜಿಲ್ಲೆಯಲ್ಲಿ ನರ್ಸ್. ಸೋಲಿಗರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಹೋಗಿ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಪರೀಕ್ಷೆ ಮಾಡುವುದು ನನ್ನ ಕೆಲಸದ ಒಂದು ಭಾಗ.

ಬೆರಳು ಚುಚ್ಚಿ ರಕ್ತ ತೆಗೆದು ಒಂದು ದ್ರಾವಣಕ್ಕೆ ಹಾಕುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು, ಗೆರೆ ಹಾಕಿದ ಕಾಗದದ ಮುಂದೆ ಆ ಟ್ಯೂಬನ್ನು ಹಿಡಿಯುತ್ತೇವೆ. ಹಿಂದಿನ ಗೆರೆ ಕಂಡರೆ ಸರಿ. ದ್ರಾವಣ ಮಬ್ಬಾಗಿ ಗೆರೆ ಕಾಣದೇ ಹೋದರೆ ಅವರ ಹೆಸರು ಬರೆದುಕೊಂಡು ಮುಂದಿನ ಪರೀಕ್ಷೆಗೆ ಕಳಿಸುತ್ತೇವೆ. ಆ ಗೆರೆ ಮಬ್ಬಾಗುವಾಗ ತಾಯಂದಿರು ನನ್ನ ಮುಖ ನೋಡುತ್ತಾರೆ. ಇಷ್ಟು ವರ್ಷ ಆದರೂ ನನಗೆ ಅದು ರೂಢಿಯಾಗಿಲ್ಲ.

ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬಂದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಕೈಕಾಲು ನೋವಿಗೆ ಕಿರುಚುತ್ತದೆ. ಆದರೆ ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅಷ್ಟೇ ಅಲ್ಲ, ಮಲೇರಿಯಾ ಬಂದಾಗ ಸಾಯುವ ಸಂಭವ ಬಹಳ ಕಡಿಮೆ. ಇಂಥದ್ದೊಂದು ಇರಬಹುದು ಅಂತ 1949ರಲ್ಲಿ ಹಾಲ್ಡೇನ್ ಅನ್ನುವ ವಿಜ್ಞಾನಿ ಊಹಿಸಿದ್ದರು. ಅವರು ಆಮೇಲೆ ಭಾರತಕ್ಕೇ ಬಂದು ಇಲ್ಲಿನವರಾಗಿ ಭುವನೇಶ್ವರದಲ್ಲಿ ತೀರಿಕೊಂಡರು. ಸಿಕಲ್ ಸೆಲ್ ವಿಷಯದಲ್ಲಿ ಅದನ್ನು 1954ರಲ್ಲಿ ಪೂರ್ವ ಆಫ್ರಿಕಾದಲ್ಲಿ ಆಲಿಸನ್ ತೋರಿಸಿದರು.

ಈಗ ರೂಢಿಯ ಮಾತು. 1958ರಲ್ಲಿ ಲಿವಿಂಗ್‌ಸ್ಟನ್ ಅನ್ನುವವರು ಪಶ್ಚಿಮ ಆಫ್ರಿಕಾದ ಬಗ್ಗೆ ಬರೆದರು. ಅಲ್ಲಿ ಜನ ಕಾಡು ಕಡಿದು ಸುಟ್ಟು ಗೆಣಸು ಬೆಳೆಯಲು ಶುರು ಮಾಡಿದರು. ದಟ್ಟ ಕಾಡಿನ ನೆಲ ಮಳೆನೀರು ಹೀರುತ್ತಿತ್ತು, ನೆರಳಿತ್ತು. ಮರ ಹೋದ ಮೇಲೆ ಬಿಸಿಲು ಬಿದ್ದ ಗುಂಡಿಗಳಲ್ಲಿ ನೀರು ನಿಂತಿತು. ಮಲೇರಿಯಾ ಹರಡುವ ಸೊಳ್ಳೆಗೆ ಬೇಕಾದದ್ದು ಅದೇ. ಒಂದೇ ಕಡೆ ಮನೆ ಮಾಡಿಕೊಂಡ ಜನರೂ ಅದಕ್ಕೆ ಸಿಕ್ಕರು. ಗುದ್ದಲಿ ಹಿಡಿದದ್ದು ರೂಢಿ, ಅದರ ಹಿಂದೆ ಸೊಳ್ಳೆ, ಸೊಳ್ಳೆಯ ಹಿಂದೆ ಜೀನು.

ಭಾರತದಲ್ಲಿ ಈ ಜೀನ್ ಮೊದಲು ಕಂಡದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. 2023ರ ಜುಲೈನಲ್ಲಿ ದೇಶದಾದ್ಯಂತ ಇದನ್ನು ತಡೆಯುವ ಅಭಿಯಾನ ಶುರುವಾಯಿತು. ಪರೀಕ್ಷೆ ಆದವರಿಗೆ ಕಾರ್ಡು ಕೊಡುತ್ತಾರೆ. ಮದುವೆ ಮಾತಿಗೆ ಮೊದಲು ಹುಡುಗ ಹುಡುಗಿಯ ಕಾರ್ಡು ನೋಡಿ ಅಂತ ನಾವು ಹೇಳುತ್ತೇವೆ. ಸೋಲಿಗರಲ್ಲಿ ಒಂದೇ ಕುಲದೊಳಗೆ ಮದುವೆ ಇಲ್ಲ. ಹೆಣ್ಣು ಗಂಡು ಕೊಡುವಾಗ ಕುಲ ಕೇಳುವುದು ಅವರಿಗೆ ಮೊದಲಿನಿಂದ ಅಭ್ಯಾಸ. ಹೋದ ವರ್ಷ ಒಬ್ಬ ಹಿರಿಯರು ನನ್ನ ಮುಂದೆಯೇ ಹುಡುಗನ ಕಡೆಯವರನ್ನು ಕೇಳಿದರು, "ಕುಲ ಯಾವುದು? ಕಾರ್ಡು ಯಾವುದು?" ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರು.

ಅಮ್ಮನ ಮಾವನ ಮಗಳು

ಸಿಸ್ಟರ್ ಮದುವೆ ಮಾತು ಎತ್ತಿದ್ದರಿಂದ ನಾನೂ ಹೇಳುತ್ತೇನೆ. ಇದನ್ನು ಹೊರಗೆ ಎಲ್ಲೂ ಹೇಳಿಲ್ಲ.

ನನ್ನ ಅಪ್ಪ ನನ್ನ ಅಮ್ಮನಿಗೆ ಸೋದರಮಾವ. ಅಮ್ಮನಿಗೆ ಅತ್ತೆ ಅಂದರೆ ಸ್ವಂತ ಅಜ್ಜಿ. ಹುಟ್ಟಿದ ಮನೆ, ಮೆಟ್ಟಿದ ಮನೆ ಎರಡೂ ಒಂದೇ ಅಂಗಳ. ಅಮ್ಮ ಒಂದು ದಿನವೂ ಗಂಡನ ಮನೆಗೆ ಹೆದರಿದವರಲ್ಲ. ಹೊಲ ಹಂಚಿಹೋಗಲಿಲ್ಲ, ವರದಕ್ಷಿಣೆ ಮಾತು ಬರಲಿಲ್ಲ. ಈ ರೂಢಿ ಇಷ್ಟು ಕಾಲ ಉಳಿದದ್ದು ಸುಮ್ನೆ ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಪದ್ಧತಿ ಇದ್ದರೆ ಹತ್ತಿರದ ನೆಂಟರ ಮದುವೆ ನಡೆಯಬಹುದು ಅಂತ ಜಾಗ ಬಿಟ್ಟಿದ್ದಾರೆ.

ಆದರೆ ನನ್ನ ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಊರಲ್ಲಿ ಅಮ್ಮನ ಗ್ರಹಚಾರ ಅಂದರು, ಗ್ರಹಣದಲ್ಲಿ ಹೊರಗೆ ಬಂದಿದ್ದಳು ಅಂದರು. ಅಣ್ಣನಿಗೆ ಮೂವತ್ತಾದ ಮೇಲೆ ಜೀನ್ ಪರೀಕ್ಷೆ ಮಾಡಿಸಿದೆವು. ಅಡಗಿದ್ದ ಒಂದೇ ಜೀನ್ ಎರಡೂ ಕಡೆಯಿಂದ ಬಂದಿತ್ತು. ಸಲಹೆ ಕೊಡುವ ಮೇಡಂ ಕಾಗದದ ಮೇಲೆ ಬರೆದು ತೋರಿಸಿದರು. ಸೋದರಮಾವನನ್ನು ಮದುವೆಯಾದರೆ ಹುಟ್ಟುವ ಮಗುವಿನಲ್ಲಿ ಎಂಟರಲ್ಲಿ ಒಂದು ಪಾಲು ಜೀನ್ ಹೀಗೆ ಜೋಡಿಯಾಗಿ ಒಂದೇ ಇರಬಹುದು. ಅತ್ತೆಯ ಮಗ, ಮಾವನ ಮಗಳು ಆದರೆ ಹದಿನಾರರಲ್ಲಿ ಒಂದು. ಮದುವೆ ಹೊಸ ದೋಷ ಹುಟ್ಟಿಸುವುದಿಲ್ಲ, ಅಡಗಿದ್ದದ್ದನ್ನು ಎದುರು ಬದುರು ಕೂರಿಸುತ್ತದೆ ಅಂದರು. ಅಮ್ಮ ಆ ಕಾಗದವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಗ್ರಹಣದ ಮಾತು ಯಾರಾದರೂ ತೆಗೆದರೆ ಈಗಲೂ ಅದನ್ನು ತೆಗೆದು ತೋರಿಸುತ್ತಾರೆ.

ಎಲ್ಲ ಹತ್ತಿರದ ಮದುವೆಯಲ್ಲೂ ಹೀಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಾನು, ತಮ್ಮ ಇಬ್ಬರೂ ಚೆನ್ನಾಗಿದ್ದೇವೆ. ಮದುವೆಗೆ ಮೊದಲು ಒಂದು ಸಲ ಕೇಳಿ ಅನ್ನುತ್ತೇನೆ, ಅಷ್ಟೇ.

ನಿರ್ವಾಹಕ

ಇಷ್ಟು ಮನಬಿಚ್ಚಿ ಬರೆದದ್ದಕ್ಕೆ ಧನ್ಯವಾದ ತಂಗಿ. ಮುಂದೆ ಬರೆಯುವವರಿಗೆ ಒಂದು ಮನವಿ. ಜಾತಿ, ಸಮುದಾಯದ ಹೆಸರು ಬಂದರೆ ಆರೋಗ್ಯಕ್ಕೆ ಬೇಕಾದಷ್ಟು ಮಾತ್ರ ಬರಲಿ. ಮೇಲು ಕೀಳಿನ ಮಾತು ಬಂದರೆ ಅಳಿಸುತ್ತೇನೆ.

ಅರಿವಳಿಕೆ ಡಾಕ್ಟರ್

ನಿರ್ವಾಹಕರ ಮಾತು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತೇನೆ. ಇದು ಜೀವ ಉಳಿಸುವ ವಿಷಯ.

ಆಪರೇಷನ್‌ಗೆ ಮೊದಲು ಗಂಟಲಿಗೆ ಕೊಳವೆ ಹಾಕುವಾಗ ಸ್ನಾಯು ಸಡಿಲ ಮಾಡಲು ನಾವು ಸ್ಕೋಲಿನ್ ಅನ್ನುವ ಇಂಜೆಕ್ಷನ್ ಕೊಡುತ್ತೇವೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ, ಕೆಲವೇ ನಿಮಿಷದಲ್ಲಿ ರೋಗಿ ತಾನಾಗಿ ಉಸಿರಾಡುತ್ತಾರೆ. ಆ ಕಿಣ್ವ ಇಲ್ಲದವರಲ್ಲಿ ಗಂಟೆಗಟ್ಟಲೆ ಉಸಿರು ಬರುವುದಿಲ್ಲ. ವೆಂಟಿಲೇಟರ್ ಹಾಕಿ ಕಾಯಬೇಕು. ಈ ಕೊರತೆ ಜಗತ್ತಿನಲ್ಲಿ ಬಹಳ ಅಪರೂಪ, ಆದರೆ ವೈಶ್ಯ ಸಮುದಾಯದಲ್ಲಿ ಜಾಸ್ತಿ. ಹಾಗಾಗಿ ನಾವು ಮೊದಲೇ ಕೇಳುತ್ತೇವೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಎಚ್ಚರ ತಡವಾಗಿತ್ತಾ? ಗೊತ್ತಿದ್ದರೆ ಬೇರೆ ಔಷಧಿ ಕೊಟ್ಟರೆ ಮುಗಿಯಿತು. ಜಾತಿ ಕೇಳಿದರು ಅಂತ ಯಾರೂ ನೊಂದುಕೊಳ್ಳಬೇಡಿ.

ಕಾರಣ ಅದೇ, ಒಳಗೊಳಗೇ ಮದುವೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್, ಲಾಲ್‌ಜಿ ಸಿಂಗ್, ಹಾರ್ವರ್ಡಿನ ಡೇವಿಡ್ ರೈಕ್ ಸೇರಿ 2009ರಲ್ಲಿ ಕಂಡದ್ದು ಏನೆಂದರೆ, ಆಂಧ್ರದ ವೈಶ್ಯರು ಸುಮಾರು ನೂರು ತಲೆಮಾರಿನಿಂದ ಹೊರಗಿನವರ ಜೊತೆ ಹೆಚ್ಚು ಬೆರೆತಿಲ್ಲ. ಇದು ಆ ಒಂದು ಸಮುದಾಯದ ಮಾತಲ್ಲ. 2013ರಲ್ಲಿ ಅದೇ ಗುಂಪಿನವರು ಇನ್ನೂ ದೊಡ್ಡ ಲೆಕ್ಕ ಹಾಕಿದರು. ಸುಮಾರು 4200ರಿಂದ 1900 ವರ್ಷಗಳ ಹಿಂದಿನ ತನಕ ಈ ದೇಶದ ಜನ ಧಾರಾಳವಾಗಿ ಒಬ್ಬರಿಗೊಬ್ಬರು ಬೆರೆತರು. ಆಮೇಲೆ ಬೆರೆಯುವುದು ನಿಂತಿತು. ಯಾರನ್ನು ಮದುವೆಯಾಗಬೇಕು ಅನ್ನುವ ಕಟ್ಟುಪಾಡು ನಮ್ಮೆಲ್ಲರ ರಕ್ತದಲ್ಲಿ ಬರೆದಿಟ್ಟ ಹಾಗಿದೆ. ಒಬ್ಬ ವೈದ್ಯನಾಗಿ ನನಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಪ್ರಶ್ನೆಗಾರ ಹಾಸನ

ನನ್ನ ಸಂಶಯ ಪರಿಹಾರ ಆಯಿತು. ಸಿಸ್ಟರ್‌ಗೂ ಡಾಕ್ಟರ್‌ಗೂ ದೊಡ್ಡ ನಮಸ್ಕಾರ. ನನ್ನ ಹೆಂಡತಿ ಇದನ್ನೆಲ್ಲ ಪ್ರಿಂಟ್ ತೆಗೆದುಕೊಡಿ ಅನ್ನುತ್ತಿದ್ದಾಳೆ.

ಹೆಲ್ಸಿಂಕಿ ಕನ್ನಡಿಗ

ಹೆಪ್ಪಿನಬಟ್ಟಲು ಅಕ್ಕ, ಒಂದು ಸಹಾಯ. ಇಲ್ಲಿ ಈಗ ಮೈನಸ್ 14. ಮೊಸರು ಹೆಪ್ಪಾಗುತ್ತಲೇ ಇಲ್ಲ, ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. ಊರಿಂದ ತಂದ ಹೆಪ್ಪೂ ಸತ್ತುಹೋಯಿತು.

ಹೆಪ್ಪಿನಬಟ್ಟಲು

ತಮ್ಮಾ, ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಬೂದಿಗುಡ್ಡದ ಕಡೆ ಬಂದಾಗ ಎರಡು ಸಲ ಓದಿಸಿದರು. ಚಿಕ್ಕಪ್ಪನಿಗೆ ಫೋನ್ ಮಾಡಿ "ದೋಷ ಗೀಷ ಏನಿಲ್ಲ ಕಣೋ" ಅಂದರು. ಕಾರ್ಡಿನ ವಿಷಯ ಕೇಳಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದರು.

ನಿನ್ನ ಪ್ರಶ್ನೆಗೆ ಉತ್ತರ ಅವರೇ ಹೇಳಿಸಿದ್ದು. ಹೆಪ್ಪು ಇಲ್ಲದಿದ್ದರೆ ಹಸಿಮೆಣಸಿನಕಾಯಿಯ ತೊಟ್ಟು ನಾಲ್ಕೈದು, ಹಾಲಲ್ಲಿ ಪೂರ್ತಿ ಮುಳುಗುವ ಹಾಗೆ ಹಾಕು. ಹಾಲು ಕಿರುಬೆರಳಿಗೆ ಹಿತವಾಗಿರಲಿ. ಓವನ್ ಉರಿಸಬೇಡ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚು. ಮೊದಲ ಸಲದ್ದು ಲೋಳೆಲೋಳೆ ಬರುತ್ತದೆ, ಅದನ್ನು ತಿನ್ನಬೇಡ. ಅದರಲ್ಲಿ ಒಂದು ಚಮಚ ತೆಗೆದು ಮತ್ತೆ ಹೊಸ ಹಾಲಿಗೆ ಹಾಕು. ಮೂರನೇ ಸಲಕ್ಕೆ ಸರಿಯಾದ ಮೊಸರು ಬರುತ್ತದೆ.